ಎದೆಯ ಗಂಟು ಮತ್ತು ತೊಗಟೆಯ ಮದ್ದು



ನಮ್ಮ ಮನೆಗಳ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳಲು ಸಂಕೋಚಪಡುವ ಕಾಯಿಲೆಯೊಂದನ್ನು ಈ ಸಲದ ಪಾಠಕ್ಕೆ ಆರಿಸಿಕೊಂಡಿದೆ. ಭಾರತದ ಮಹಿಳೆಯರಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಎಂದರೆ ಸ್ತನದ ಕ್ಯಾನ್ಸರ್. ಎಡನೀರು, ಚೆರ್ಕಳ, ಬದಿಯಡ್ಕ ಕಡೆಯಲ್ಲಿ ಇಂಥ ಗಂಟು ಕಂಡಿತೆಂದರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು, ‘ಇದಕ್ಕೆ ಎಲ್ಲಿ ಮದ್ದು ಕೊಡುತ್ತಾರೆ?’ ಎಂಬುದೇ.

ಶಿವಮೊಗ್ಗ ಜಿಲ್ಲೆಯ ಆನಂದಪುರದ ಸಮೀಪ ನರಸೀಪುರ ಎಂಬ ಹಳ್ಳಿಯಿದೆ. ಅಲ್ಲಿಯ ವೈದ್ಯ ನಾರಾಯಣಮೂರ್ತಿಯವರು ಗುರುವಾರ ಮತ್ತು ಭಾನುವಾರಗಳಂದು ತೊಗಟೆಯ ಔಷಧ ಕೊಡುತ್ತಿದ್ದರು. ಹೊರರಾಜ್ಯಗಳಿಂದಲೂ ಕ್ಯಾನ್ಸರ್ ರೋಗಿಗಳ ಮನೆಯವರು ಬಂದು ಸಾಲು ನಿಲ್ಲುತ್ತಿದ್ದರು. 2020ರಲ್ಲಿ ಅವರು ತೀರಿಕೊಂಡರು. ಅವರ ಮೇಲೆ ಜನರಿಟ್ಟ ಗೌರವಕ್ಕೆ ಕುಂದು ತರುವುದು ಇಲ್ಲಿಯ ಉದ್ದೇಶವಲ್ಲ. ಆದರೆ ತೊಗಟೆಯ ಕಷಾಯವನ್ನಷ್ಟೇ ಕುಡಿದು ಸ್ತನದ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬುದು ಸಿದ್ಧಪಟ್ಟಿಲ್ಲ. ಲಕ್ಷ್ಮಣಫಲದ ಬಗ್ಗೆ ಹಬ್ಬಿರುವ ಮಾತೂ ಅಷ್ಟೇ.

‘ಹಾಗಾದರೆ ಗುಣವಾದವರು ನಮ್ಮ ಕಣ್ಣೆದುರೇ ಇದ್ದಾರಲ್ಲ?’ ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಅಂಥವರಲ್ಲಿ ಅನೇಕರು ಮೊದಲು ಆಪರೇಷನ್ ಮಾಡಿಸಿಕೊಂಡು, ಕೀಮೋಗೆ ಹೆದರಿ ಕಷಾಯಕ್ಕೆ ತಿರುಗಿದವರು. ಗಂಟನ್ನು ತೆಗೆದದ್ದು ಕತ್ತಿ, ಕೀರ್ತಿ ಹೋದದ್ದು ಕಷಾಯಕ್ಕೆ. ವ್ಯಾಪಾರಿಗಳಿಗೆ ಇದು ಬೇಗ ತಿಳಿಯುತ್ತದೆ: ಒಬ್ಬನ ಜಮೆ ಇನ್ನೊಬ್ಬನ ಖಾತೆಗೆ ಬಿದ್ದ ಹಾಗೆ. ಎರಡನೆಯ ಕಾರಣ ರೋಗದ ಸ್ವಭಾವದಲ್ಲೇ ಇದೆ. ಈ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಎಷ್ಟೋ ಜನರಲ್ಲಿ ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಆ ತಿಂಗಳುಗಳಲ್ಲಿ ಏನು ಕುಡಿದರೂ ‘ಮದ್ದು ತಾಗಿತು, ಗಂಟು ನಿಂತಿದೆ’ ಎಂದೇ ತೋರುತ್ತದೆ. ಹೊರಗೆ ಗಂಟು ನಿಂತಂತೆ ಕಂಡರೂ ಒಳಗೆ ಕಂಕುಳಿನ ಗ್ರಂಥಿಗೆ, ಅಲ್ಲಿಂದ ಎಲುಬಿಗೆ, ಯಕೃತ್ತಿಗೆ, ಶ್ವಾಸಕೋಶಕ್ಕೆ ರೋಗ ಹೋಗಿರಬಹುದು. ಮಹಾಳಿ ಬಂದು ಅಡಿಕೆ ಉದುರತೊಡಗಿದ ಮೇಲೆ ಬೋರ್ಡೋ ಹೊಡೆದರೆ ಎಷ್ಟು ಉಳಿಯುತ್ತದೆ ಎಂಬುದು ತೋಟದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಅಮೆರಿಕದಲ್ಲಿ ಇದರ ಲೆಕ್ಕ ತೆಗೆದಿದ್ದಾರೆ. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರೋಗ ಇನ್ನೂ ದೂರದ ಅಂಗಗಳಿಗೆ ಹರಡಿರದ ಸ್ತನ ಕ್ಯಾನ್ಸರಿನವರಲ್ಲಿ, ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬದಲಿ ಮದ್ದನ್ನು ಮಾತ್ರ ನಂಬಿದವರಿಗೆ ಸಾವಿನ ಅಪಾಯ 5 ಪಟ್ಟಿಗೂ ಹೆಚ್ಚಾಗಿತ್ತು.

ಮರದ ತೊಗಟೆಯಲ್ಲಿ ಶಕ್ತಿಯೇ ಇಲ್ಲವೆಂದು ಹೇಳುತ್ತಿಲ್ಲ. ಅಮೆರಿಕದ ಯೂ ಎಂಬ ಮರದ ತೊಗಟೆಯಲ್ಲಿ ಸಿಕ್ಕಿದ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧವನ್ನು 1994ರಿಂದ ಅಲ್ಲಿ ಸ್ತನ ಕ್ಯಾನ್ಸರಿಗೆ ಕೊಡುತ್ತಿದ್ದಾರೆ. ನಮ್ಮ ಆಸ್ಪತ್ರೆಗಳ ಕೀಮೋದಲ್ಲಿಯೂ ಅದು ಇದೆ. ಆದರೆ ಅದನ್ನು ಶುದ್ಧಗೊಳಿಸಿ, ರೋಗಿಯ ಎತ್ತರ-ತೂಕಕ್ಕೆ ಸರಿಯಾಗಿ ಅಳೆದು, ರಕ್ತಪರೀಕ್ಷೆ ನೋಡಿಕೊಂಡು ನರಕ್ಕೆ ಏರಿಸುತ್ತಾರೆ. ಮನೆಯಲ್ಲಿ ಕುದಿಸಿದ ಕಷಾಯದಲ್ಲಿ ಯಾವ ಅಂಶ ಎಷ್ಟಿದೆ ಎಂದು ಅಳೆದವರಾರು?

ಸೂಜಿ ಚುಚ್ಚಿ ತುಂಡು ತೆಗೆದರೆ ರೋಗ ಕೆರಳಿ ಹರಡುತ್ತದೆ ಎಂಬ ಭಯ ನಮ್ಮಲ್ಲಿ ಬಹಳ. ಅದಕ್ಕೆ ಆಧಾರವಿಲ್ಲ. ಆ ಪರೀಕ್ಷೆಯಿಲ್ಲದೆ ಅದು ಕ್ಯಾನ್ಸರೇ, ಯಾವ ಬಗೆಯದು ಎಂದು ತಿಳಿಯುವುದಿಲ್ಲ. ಕೆಲವು ಬಗೆಯವಕ್ಕೆ ಟ್ಯಾಮಾಕ್ಸಿಫೆನ್‌ನಂಥ ಮಾತ್ರೆಯನ್ನು ಸಾಮಾನ್ಯವಾಗಿ 5 ವರ್ಷ ದಿನವೂ ನುಂಗಬೇಕಾಗುತ್ತದೆ. ಸುಖವಾಗಿದ್ದೇನಲ್ಲ ಎಂದು ನಡುವೆ ಬಿಡುವಂತಿಲ್ಲ. ಆಸ್ಪತ್ರೆಗೆ ಹೋಗುವುದು ದೇವರಲ್ಲಿ ನಂಬಿಕೆ ಸಾಲದೆಂಬುದರ ಗುರುತು ಎಂದು ತಿಳಿಯುವ ತಾಯಂದಿರಿಗೆ ಒಂದು ಮಾತು: ಶರಣರಲ್ಲಿ ವೈದ್ಯ ಸಂಗಣ್ಣನವರಿದ್ದರು, ವೈದ್ಯವೇ ಅವರ ಕಾಯಕವಾಗಿತ್ತು.

ಈಗಾಗಲೇ ವರ್ಷದಿಂದ ಬರೀ ಕಷಾಯದಲ್ಲಿ ಇರುವವರನ್ನು ಯಾರೂ ಬೈಯಬಾರದು. ಬೈದರೆ ಇನ್ನಷ್ಟು ಮುಚ್ಚಿಡುತ್ತಾರೆ. ಗಂಟು ಒಡೆದು ಹುಣ್ಣಾಗಿದ್ದರೂ ಮಾಡುವುದು ಬಹಳಷ್ಟು ಇರುತ್ತದೆ. ಕೀಮೋದಿಂದ ಗಂಟನ್ನು ಕುಗ್ಗಿಸಿ ಆಮೇಲೆ ಆಪರೇಷನ್ ಮಾಡುವುದುಂಟು. ಅದು ಆಗದಿದ್ದರೆ ನೋವಿಗೆ ಮಾರ್ಫಿನ್, ಹುಣ್ಣಿಗೆ ಡ್ರೆಸ್ಸಿಂಗ್ ಸಿಗುತ್ತದೆ. ಕೇರಳ ಸರಕಾರವು 2008ರಲ್ಲಿ ಪ್ಯಾಲಿಯೇಟಿವ್ ಆರೈಕೆಯ ನೀತಿ ತಂದ ಮೇಲೆ ಪಂಚಾಯತಿನ ನರ್ಸು ಮನೆಗೇ ಬರುವ ವ್ಯವಸ್ಥೆಯಿದೆ. ಇದು ನಮ್ಮ ಗಡಿಯವರಿಗೆ ದೊರೆತ ದೊಡ್ಡ ಅನುಕೂಲ. ಕನ್ನಡದವರು ಕೇಳಲು ಹಿಂಜರಿಯಬೇಕಾಗಿಲ್ಲ.

ಎಲ್ಲಿಗೆ ಹೋಗುವುದು? ಕಾಸರಗೋಡಿನಿಂದ ರೈಲಿನಲ್ಲಿ ತಲಶ್ಶೇರಿಗೆ ಹೋದರೆ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಇದೆ. ಮಂಗಳೂರು ಹತ್ತಿರವೆಂಬುದು ನಿಜ. ಆದರೆ 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ನಮ್ಮ ರೋಗಿಗಳು ಪಟ್ಟ ಪಾಡು ಮರೆಯುವಂಥದ್ದಲ್ಲ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಗೆ ಸೇರಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಹೊರಡುವ ಮೊದಲು ನಿಮ್ಮ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ. ತೋಟ ಅಡವಿಡುವ ಮಾತು ಆಮೇಲೆ.

ಹೋಗುವಾಗ ಹಳೆಯ ಚೀಟಿಗಳ ಜತೆಗೆ ಈವರೆಗೆ ಕುಡಿದ ತೊಗಟೆಯ, ಭಸ್ಮದ ಪೊಟ್ಟಣವನ್ನೂ ಒಯ್ದು ಡಾಕ್ಟರಿಗೆ ತೋರಿಸಿ. ಕೆಲವು ಭಸ್ಮಗಳಲ್ಲಿ ಪಾದರಸ, ಸೀಸ ಇರುವುದುಂಟು. ಯಕೃತ್ತಿಗೂ ಮೂತ್ರಪಿಂಡಕ್ಕೂ ಪೆಟ್ಟಾಗಿದೆಯೇ ಎಂದು ನೋಡದೆ ಕೀಮೋ ಆರಂಭಿಸುವುದು ಅಪಾಯ.