ಬಿಪಿ ಹಿಡಿತದಲ್ಲಿದ್ದರೆ ನೆನಪಿಗೂ ಕಾವಲು

ರಕ್ತದೊತ್ತಡ ಎಂದರೆ ಹೃದಯಾಘಾತ, ಪಾರ್ಶ್ವವಾಯು ನೆನಪಾಗುತ್ತವೆ. ಮರೆವಿನ ಕಾಯಿಲೆ ನೆನಪಾಗುವುದಿಲ್ಲ. ಆದರೆ ಮೆದುಳಿನ ಆಳಕ್ಕೆ ರಕ್ತ ಒಯ್ಯುವ ಕೂದಲೆಳೆಯಂಥ ನಾಳಗಳು ವರ್ಷಗಟ್ಟಲೆ ಹೆಚ್ಚು ಒತ್ತಡ ತಾಳಿದರೆ ದಪ್ಪವಾಗಿ, ಗಡುಸಾಗಿ, ಅಲ್ಲಲ್ಲಿ ಮುಚ್ಚಿಹೋಗುತ್ತವೆ. ಈ ಹಾನಿಯನ್ನು ತಡೆಯಬಹುದೇ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಕೊಟ್ಟದ್ದು 2025ರಲ್ಲಿ ಪ್ರಕಟವಾದ ಚೀನಾದ ಗ್ರಾಮೀಣ ಅಧ್ಯಯನ. 326 ಹಳ್ಳಿಗಳಲ್ಲಿ, 40 ದಾಟಿದ ಸುಮಾರು 34 ಸಾವಿರ ಬಿಪಿ ರೋಗಿಗಳು ಇದರಲ್ಲಿದ್ದರು. ಅರ್ಧದಷ್ಟು ಹಳ್ಳಿಗಳಲ್ಲಿ ತರಬೇತಿ ಪಡೆದ ಗ್ರಾಮವೈದ್ಯರೇ ನಿಗದಿತ ಕ್ರಮದಂತೆ ಮಾತ್ರೆ ಹೊಂದಿಸುತ್ತ, ಬಿಪಿಯನ್ನು 130/80ಕ್ಕಿಂತ ಕೆಳಗೆ ತರಲು ಶ್ರಮಿಸಿದರು. ನಾಲ್ಕು ವರ್ಷಗಳಲ್ಲಿ ಅಲ್ಲಿ ಮರೆವಿನ ಕಾಯಿಲೆ ಉಳಿದ ಹಳ್ಳಿಗಳಿಗಿಂತ ಶೇ 15ರಷ್ಟು ಕಡಿಮೆಯಾಗಿತ್ತು. ದೊಡ್ಡ ಆಸ್ಪತ್ರೆಯಾಗಲಿ ದುಬಾರಿ ಔಷಧವಾಗಲಿ ಇದಕ್ಕೆ ಬೇಕಾಗಲಿಲ್ಲ. ನಮ್ಮ ಮನೆಗಳಲ್ಲೂ ಆಗುವ ಕೆಲಸ ಇದು. ಕ್ರಮ ತಪ್ಪಬಾರದು, ಅಷ್ಟೇ.

ಹೆಜ್ಜೆ 1: ಸರಿಯಾಗಿ ಅಳೆಯಿರಿ

ಬಿಪಿ ಹೆಚ್ಚಿದ್ದರೆ ತಲೆನೋವೋ ತಲೆಸುತ್ತೋ ಬಂದೇ ಬರುತ್ತದೆ ಎಂಬ ನಂಬಿಕೆ ತಪ್ಪು. ಬಹುತೇಕರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಅಳೆದರೆ ಮಾತ್ರ ಗೊತ್ತಾಗುತ್ತದೆ. ಮಣಿಕಟ್ಟಿನ ಯಂತ್ರಕ್ಕಿಂತ ತೋಳಿಗೆ ಪಟ್ಟಿ ಸುತ್ತುವ ಡಿಜಿಟಲ್ ಯಂತ್ರ ಒಳ್ಳೆಯದು. ಅಳೆಯುವ ಮೊದಲು ಅರ್ಧ ಗಂಟೆ ಕಾಫಿ, ಟೀ, ಬೀಡಿ ಬೇಡ; ಮೂತ್ರ ವಿಸರ್ಜಿಸಿ ಬನ್ನಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಿ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಏಳು ದಿನ ಅಳೆದು ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ 135/85 ಮುಟ್ಟಿದರೆ ವೈದ್ಯರನ್ನು ಕಾಣಲೇಬೇಕು. ಯಂತ್ರವಿಲ್ಲದವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬಹುದು. ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬಂದು ತಪಾಸಣೆ ಮಾಡುತ್ತಾರೆ.

ಹೆಜ್ಜೆ 2: ಗುರಿಯನ್ನು ವೈದ್ಯರೊಂದಿಗೆ ಗೊತ್ತುಮಾಡಿಕೊಳ್ಳಿ

ವಯಸ್ಸಾದ ಮೇಲೆ ಬಿಪಿ ಏರುವುದು ಸಹಜ, ಇಳಿಸಿದರೆ ಮೆದುಳಿಗೆ ರಕ್ತ ಸಾಲದು ಎನ್ನುವವರಿದ್ದಾರೆ. ಅಮೆರಿಕದ ಸ್ಪ್ರಿಂಟ್ ಅಧ್ಯಯನ ಈ ಅಂಜಿಕೆಗೆ ಉತ್ತರ ಕೊಡುತ್ತದೆ. ಅಲ್ಲಿ ಮೇಲಿನ ಅಂಕಿಯನ್ನು 120ಕ್ಕಿಂತ ಕೆಳಗಿಳಿಸುವ ಗುರಿಯಿದ್ದವರಲ್ಲಿ, 140ರ ಗುರಿಯಿದ್ದವರಿಗಿಂತ, ಮರೆವಿನ ಕಾಯಿಲೆಗೆ ಮುನ್ನಿನ ಸೌಮ್ಯ ಹಂತ ಶೇ 19ರಷ್ಟು ಕಡಿಮೆ ಕಂಡಿತು. ಪ್ರಯೋಗ ಬೇಗ ನಿಂತಿದ್ದರಿಂದ ಪೂರ್ಣ ಕಾಯಿಲೆಯ ಬಗ್ಗೆ ಖಚಿತವಾಗಿ ಹೇಳಲಾಗಲಿಲ್ಲ, ನಿಜ. ಆದರೆ ಒತ್ತಡ ಇಳಿಸಿದ್ದರಿಂದ ನೆನಪು ಕುಂದಿತು ಎಂಬುದಕ್ಕೆ ಆಧಾರ ಸಿಗಲಿಲ್ಲ. ಕಾಯಿಲೆ ಬಂದವರಲ್ಲಿ ಬಿಪಿ ಕಡಿಮೆ ಕಾಣುವುದಕ್ಕೆ ಒಂದು ಕಾರಣ, ಕಾಯಿಲೆ ಗೋಚರಿಸುವ ವರ್ಷಗಳ ಮೊದಲೇ ಅದು ತಾನಾಗಿ ಇಳಿಯತೊಡಗುವುದು. ಹಾಗೆಂದು ಎಲ್ಲರಿಗೂ ಒಂದೇ ಗುರಿಯಲ್ಲ. ತೀರಾ ವಯಸ್ಸಾಗಿ ನಿತ್ರಾಣರಾದವರಿಗೆ, ಎದ್ದಾಗ ಕಣ್ಣು ಕತ್ತಲೆ ಬರುವವರಿಗೆ ನಿಧಾನವಾಗಿ ಇಳಿಸಬೇಕು. ಕುಳಿತಾಗ ಅಳೆದು, ಎದ್ದುನಿಂತ ಒಂದು ಮತ್ತು ಮೂರನೇ ನಿಮಿಷಕ್ಕೆ ಮತ್ತೆ ಅಳೆಯಿರಿ. ಮೇಲಿನ ಅಂಕಿ 20 ಇಳಿದಿದ್ದರೆ ವೈದ್ಯರಿಗೆ ತಿಳಿಸಿ.

ಹೆಜ್ಜೆ 3: ಮಾತ್ರೆ, ಉಪ್ಪು ಎರಡರಲ್ಲೂ ಶಿಸ್ತಿರಲಿ

ಅಂಕಿ ಸರಿಹೋಯಿತೆಂದು ಮಾತ್ರೆ ನಿಲ್ಲಿಸುವುದೇ ದೊಡ್ಡ ತಪ್ಪು. ಅಂಕಿ ಸರಿಯಿರುವುದೇ ಮಾತ್ರೆಯಿಂದ. ಒಮ್ಮೆ ಶುರುಮಾಡಿದರೆ ಜೀವನಪೂರ್ತಿ ನುಂಗಬೇಕಲ್ಲ ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ, ಆದರೆ ಮಾತ್ರೆ ಬಿಟ್ಟವರ ಜೀವನಪೂರ್ತಿ ನಾಳಗಳು ಸವೆಯುತ್ತಿರುತ್ತವೆ. ಕಾಲು ಊತ, ಒಣ ಕೆಮ್ಮು ಬಂದರೆ ಬೇರೆ ಮಾತ್ರೆ ಕೇಳಿ, ನೀವೇ ನಿಲ್ಲಿಸಬೇಡಿ. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳಲ್ಲಿ ಹಲವು ಬಿಪಿ ಏರಿಸುತ್ತವೆ. ಅದನ್ನೂ ವೈದ್ಯರಿಗೆ ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಉಪ್ಪು ಸಾಕು. ಸಾರು, ಪಲ್ಯದಲ್ಲೇ ಅದು ತುಂಬಿಬಿಡುವಾಗ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ನಿತ್ಯದ ಊಟಕ್ಕೆ ಬೇಡ.

ಹೆಜ್ಜೆ 4: ನಲವತ್ತರಲ್ಲೇ ಶುರುಮಾಡಿ

ನೆನಪನ್ನು ಕಾಡುವುದು ನಡುವಯಸ್ಸಿನ ಬಿಪಿ ಎಂಬುದು ಹೆಚ್ಚು ಸ್ಪಷ್ಟ. ಎಂಬತ್ತು ದಾಟಿದವರ ಮೇಲೆ ನಡೆದ, 2008ರಲ್ಲಿ ಪ್ರಕಟವಾದ ಹೈವೆಟ್ ಅಧ್ಯಯನದಲ್ಲಿ ಚಿಕಿತ್ಸೆಯಿಂದ ಮರೆವಿನ ಕಾಯಿಲೆ ಖಚಿತವಾಗಿ ತಗ್ಗಿದ್ದು ಕಾಣಲಿಲ್ಲ. ವಯಸ್ಸಾದವರನ್ನು ಕೈಬಿಡಿ ಎಂದು ಇದರರ್ಥವಲ್ಲ. ಅವರ ಹೃದಯಕ್ಕೆ ಲಾಭ ಇದ್ದೇ ಇದೆ. ಕಾಯಬಾರದು ಎಂಬುದೇ ಇದರ ಪಾಠ. ಬಿಪಿ ಹತೋಟಿಗೆ ಬಂದರೂ ಮರೆವಿನ ಕಾಯಿಲೆ ಕೆಲವರಿಗೆ ಬರುತ್ತದೆ. ಅದಕ್ಕೆ ಬೇರೆ ಕಾರಣಗಳೂ ಉಂಟು. ಆದರೆ ನಮ್ಮ ಕೈಯಲ್ಲಿರುವ ಕೆಲವೇ ಕಾರಣಗಳಲ್ಲಿ ಇದೊಂದು. ಹೀಗಾಗಿ ಅಪ್ಪ, ಅಮ್ಮನನ್ನು ತಪಾಸಣೆಗೆ ಕರೆದೊಯ್ಯುವ ಮಕ್ಕಳು ಅಲ್ಲಿ ತಮ್ಮ ತೋಳನ್ನೂ ಚಾಚಬೇಕು.