ಉದ್ರಿ ನೆನಪಿಸುವ ಡಬ್ಬಿಗಳು

ನಮ್ಮ ಚಾಚಾರ ಬಟ್ಟೆ ಅಂಗಡಿಯ ಉದ್ರಿ ಲೆಕ್ಕ ಗೂಗಲ್ ಶೀಟ್‌ನಲ್ಲಿದೆ. (ಅಕೌಂಟೆನ್ಸಿಯಲ್ಲಿ ಇವರೇ ಋಣಿಗಳು.) ಬಾಕಿ ನೆನಪಿಸಲು ಎನ್‌ಏಟ್‌ಎನ್ ತಂತ್ರಾಂಶ ಬಳಸಿದೆ. ಕೋಡ್ ಬರೆಯಬೇಕಿಲ್ಲ, ಪರದೆಯ ಮೇಲೆ ಡಬ್ಬಿಗಳನ್ನಿಟ್ಟು ಗೆರೆಯಿಂದ ಜೋಡಿಸಿದರಾಯಿತು.

ಮೊದಲನೆಯದು ಟ್ರಿಗರ್: ದಿನಾ ಬೆಳಿಗ್ಗೆ 9ಕ್ಕೆ ಕೆಲಸ ಶುರು. ಎರಡನೆಯದು ಶೀಟ್ ಓದುತ್ತದೆ. ಒಂದೊಂದು ಸಾಲೂ ಒಂದೊಂದು ಐಟಂ ಆಗಿ ಮುಂದೆ ಹೋಗುತ್ತದೆ. ಮೂರನೆಯದು ‘ಇಫ್’. ಬಾಕಿ ಸೊನ್ನೆಗಿಂತ ಹೆಚ್ಚಿದೆಯೇ, ವಾಯಿದೆ ಮುಗಿದಿದೆಯೇ? ಎರಡಕ್ಕೂ ಹೌದು ಎಂದಾದ ಸಾಲುಗಳು ಒಂದು ದಾರಿ, ಉಳಿದವು ಇನ್ನೊಂದು.

ನಿನ್ನೆ ಹಣ ಕೊಟ್ಟವರ ಜಮೆ ಶೀಟಿಗೆ ಏರದಿದ್ದರೆ ಅವರಿಗೂ ತಗಾದೆ ಹೋಗುತ್ತದೆ. ನಮ್ಮ ಮೊಹಲ್ಲಾದಲ್ಲಿ ಅದು ಇಜ್ಜತ್ತಿನ ಮಾತು. ಹಾಗಾಗಿ ಪಟ್ಟಿ ಮೊದಲು ಚಾಚಾರ ಇಮೇಲ್‌ಗೆ ಹೋಗುವಂತೆ ಮಾಡಿದ್ದೇನೆ; ಅವರು ಒಪ್ಪಿಗೆ ಒತ್ತುವ ತನಕ ಮುಂದಿನ ಡಬ್ಬಿ ಕಾಯುತ್ತದೆ. ಹಳೇ ಗಿರಾಕಿಗಳಿಗೆ ಮಾತ್ರ ಅವರು ಈಗಲೂ ಫೋನೇ ಮಾಡುತ್ತಾರೆ.