ಮದ್ದಿನ ಬೆಲೆ

ರೋಗಕ್ಕೆ ಬಡವ-ಬಲ್ಲಿದರೆಂಬ ಭೇದವಿಲ್ಲ. ಮದ್ದಿಗೆ ಮಾತ್ರ ಆ ಭೇದ ಇದ್ದೇ ಇದೆ. ಔಷಧದ ಅಂಗಡಿಯ ಮುಂದೆ ನಿಂತು, ವೈದ್ಯರ ಚೀಟಿಯನ್ನೂ ಕೈಯಲ್ಲಿರುವ ಹಣವನ್ನೂ ನೋಡಿಕೊಂಡು, "ಐದು ದಿನದ್ದು ಬೇಡ, ಎರಡು ದಿನದ್ದು ಕೊಡಿ ಸಾಕು" ಎನ್ನುವವರನ್ನು ನಾವೆಲ್ಲರೂ ಕಂಡಿದ್ದೇವೆ. ಮಾತ್ರೆಯೊಂದನ್ನು ತಯಾರಿಸಲು ತಗಲುವ ವೆಚ್ಚ ಎಷ್ಟೋ ವೇಳೆ ಅಲ್ಪವೇ. ಆದರೂ ಅದರ ಬೆಲೆ ಗಗನಕ್ಕೇರುವುದೇಕೆ? ಇದಕ್ಕೆ ಉತ್ತರವನ್ನು ಪ್ರಯೋಗಶಾಲೆಯಲ್ಲಿ ಹುಡುಕಿದರೆ ಸಾಲದು, ಕಾನೂನಿನ ಪುಸ್ತಕದಲ್ಲಿಯೂ ಹುಡುಕಬೇಕು.

ಹೊಸದೊಂದನ್ನು ಕಂಡುಹಿಡಿದವರಿಗೆ ನಿಯತ ಕಾಲದವರೆಗೆ ಸರ್ಕಾರವು ಅದರ ಮೇಲೆ ಕೊಡುವ ಏಕಸ್ವಾಮ್ಯದ ಹಕ್ಕಿಗೆ ಪೇಟೆಂಟ್ ಎಂದು ಹೆಸರು. ಇದರಲ್ಲಿ ಎರಡು ಬಗೆಗಳುಂಟು. ಒಬ್ಬಾಕೆ ಮೊಟ್ಟಮೊದಲು ಹೋಳಿಗೆಯನ್ನು ಕಂಡುಹಿಡಿದಳೆಂದು ಭಾವಿಸೋಣ. ಹೋಳಿಗೆಯೆಂಬ ವಸ್ತುವಿನ ಮೇಲೆಯೇ ಅವಳಿಗೆ ಹಕ್ಕು ದೊರೆತರೆ, ಊರಿನಲ್ಲಿ ಮತ್ತಾರೂ ಹೋಳಿಗೆ ಮಾಡುವಂತಿಲ್ಲ. ಮಾಡುವ ವಿಧಾನದ ಮೇಲೆ ಮಾತ್ರ ಹಕ್ಕು ದೊರೆತರೆ, ಅವಳು ಲಟ್ಟಣಿಗೆಯಿಂದ ಲಟ್ಟಿಸುವುದನ್ನು ನೆರೆಮನೆಯಾಕೆ ಬಾಳೆಲೆಯ ಮೇಲೆ ತಟ್ಟಿ ಮಾಡಬಹುದು. ಆಗ ಹೋಳಿಗೆಯ ಬೆಲೆ ತಾನಾಗಿ ಇಳಿಯುತ್ತದೆ.

ಸ್ವಾತಂತ್ರ್ಯ ಬಂದ ಮೇಲೂ ನಮ್ಮಲ್ಲಿ ಬ್ರಿಟಿಷರು 1911ರಲ್ಲಿ ಮಾಡಿದ್ದ ಪೇಟೆಂಟ್ ಶಾಸನವೇ ಜಾರಿಯಲ್ಲಿತ್ತು. ವಿದೇಶೀ ಕಂಪನಿಗಳು ಔಷಧಗಳ ಮೇಲೆ ಹಿಡಿತ ಸಾಧಿಸಿದ್ದವು. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರು ಈ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿ 1959ರಲ್ಲಿ ವರದಿ ಒಪ್ಪಿಸಿದರು. ಅದರ ಆಧಾರದ ಮೇಲೆ ರೂಪುಗೊಂಡ 1970ರ ಶಾಸನವು 1972ರಲ್ಲಿ ಜಾರಿಗೆ ಬಂದಿತು. ಔಷಧದ ವಸ್ತುವಿಗೆ ಪೇಟೆಂಟ್ ಇಲ್ಲ; ತಯಾರಿಸುವ ವಿಧಾನಕ್ಕೆ ಮಾತ್ರ, ಅದೂ ಹೆಚ್ಚೆಂದರೆ 7 ವರ್ಷ. ನಮ್ಮ ರಸಾಯನಶಾಸ್ತ್ರಜ್ಞರಿಗೆ ಬೇಕಾಗಿದ್ದುದು ಈ ಕಿಂಡಿಯೇ. ಅವರು ಒಂದೇ ಔಷಧವನ್ನು ಬೇರೆ ಬೇರೆ ದಾರಿಗಳಿಂದ ತಯಾರಿಸಿದರು.

ಇದರ ಫಲ ನಮ್ಮ ದೇಶಕ್ಕಷ್ಟೇ ಸೀಮಿತವಾಗಲಿಲ್ಲ. ಏಡ್ಸ್ ರೋಗವು ಆಫ್ರಿಕಾ ಖಂಡದ ಹಳ್ಳಿಹಳ್ಳಿಗಳನ್ನು ಬರಿದು ಮಾಡುತ್ತಿದ್ದ ಕಾಲದಲ್ಲಿ, ಮೂರು ಔಷಧಗಳ ಚಿಕಿತ್ಸೆಗೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗೂ ಮಿಗಿಲಾಗಿ ತಗಲುತ್ತಿತ್ತು. 2001ರ ಫೆಬ್ರುವರಿಯಲ್ಲಿ ಮುಂಬಯಿಯ ಸಿಪ್ಲಾ ಸಂಸ್ಥೆಯ ಯೂಸುಫ್ ಹಮೀದ್ ಅವರು ಅದೇ ಚಿಕಿತ್ಸೆಯನ್ನು ವೈದ್ಯರ ಸೇವಾಸಂಸ್ಥೆಯೊಂದಕ್ಕೆ 350 ಡಾಲರಿಗೆ ಒದಗಿಸಲು ಮುಂದೆ ಬಂದರು. ದಿನಕ್ಕೆ ಒಂದು ಡಾಲರೂ ಇಲ್ಲ! ಈ ಸುದ್ದಿ ಕೇಳಿ ಜಗತ್ತು ಬೆರಗಾಯಿತು. ಮಿಕ್ಕ ಕಂಪನಿಗಳೂ ಬೆಲೆ ಇಳಿಸಬೇಕಾಯಿತು.

ಆದರೆ ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಹೊಸ ಔಷಧವೊಂದನ್ನು ಶೋಧಿಸಲು ಅನೇಕ ವರ್ಷಗಳ ಶ್ರಮವೂ ಅಪಾರ ಧನವೂ ಬೇಕು. ಶೋಧಿಸಿದವರಿಗೆ ಪ್ರತಿಫಲವೇ ಇಲ್ಲವೆಂದರೆ ಮುಂದೆ ಶೋಧಿಸುವವರಾರು? ಈ ವಾದವನ್ನು ತಳ್ಳಿಹಾಕುವಂತಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ಅನುಸಾರವಾಗಿ 2005ರಿಂದ ಭಾರತವೂ ಔಷಧದ ವಸ್ತುವಿಗೇ 20 ವರ್ಷಗಳ ಪೇಟೆಂಟ್ ನೀಡತೊಡಗಿತು. ಆದರೆ ನಮ್ಮ ಸಂಸತ್ತು ಒಂದು ಎಚ್ಚರಿಕೆ ವಹಿಸಿತು. ಹಳೆಯ ಔಷಧದ ರೂಪವನ್ನು ತುಸು ಬದಲಿಸಿ ತಂದರೆ ಸಾಲದು, ಅದರ ಗುಣವೂ ಹೆಚ್ಚಿರಬೇಕೆಂಬ ನಿಯಮವನ್ನು ಶಾಸನದಲ್ಲಿ ಸೇರಿಸಿತು. ಈ ನಿಯಮವನ್ನು ಎತ್ತಿಹಿಡಿದ ಸರ್ವೋಚ್ಚ ನ್ಯಾಯಾಲಯವು, ರಕ್ತದ ಕ್ಯಾನ್ಸರಿನ ಔಷಧವೊಂದರ ಪೇಟೆಂಟಿಗಾಗಿ ನೊವಾರ್ಟಿಸ್ ಕಂಪನಿ ಸಲ್ಲಿಸಿದ್ದ ಮನವಿಯನ್ನು 2013ರ ಏಪ್ರಿಲ್ 1ರಂದು ತಿರಸ್ಕರಿಸಿತು.

ಪೇಟೆಂಟ್ ಕೊಡುವ ಮುನ್ನವೇ ಆಕ್ಷೇಪಿಸುವ ಅವಕಾಶವೂ ನಮ್ಮ ಶಾಸನದಲ್ಲಿದೆ. ಸಾಮಾನ್ಯ ಔಷಧಗಳಿಗೆ ಬಗ್ಗದ ಕ್ಷಯರೋಗಕ್ಕೆ ಬೆಡಾಕ್ವಿಲಿನ್ ಎಂಬ ಮಾತ್ರೆಯುಂಟು. ಅದರ ಮೇಲಿನ ಹಕ್ಕನ್ನು ಇನ್ನೂ ಕೆಲವು ವರ್ಷ ಮುಂದುವರಿಸಿಕೊಳ್ಳಲು ಕಂಪನಿಯು ಹೊಸ ಅರ್ಜಿ ಹಾಕಿತ್ತು. ಕ್ಷಯದಿಂದ ಪಾರಾದ ಇಬ್ಬರು ಮಹಿಳೆಯರು, ಒಬ್ಬರು ಭಾರತದವರು, ಇನ್ನೊಬ್ಬರು ದಕ್ಷಿಣ ಆಫ್ರಿಕಾದವರು, 2019ರಲ್ಲಿ ಇದನ್ನು ವಿರೋಧಿಸಿದರು. ಹಳೆಯ ಔಷಧಗಳ ದುಷ್ಪರಿಣಾಮದಿಂದ ಇಬ್ಬರೂ ಶ್ರವಣಶಕ್ತಿಯನ್ನು ಕಳೆದುಕೊಂಡಿದ್ದವರು. 2023ರ ಮಾರ್ಚಿಯಲ್ಲಿ ಪೇಟೆಂಟ್ ಕಚೇರಿ ಆ ಅರ್ಜಿಯನ್ನು ತಿರಸ್ಕರಿಸಿತು. ಅದೇ ಜುಲೈ ತಿಂಗಳಲ್ಲಿ ಮೂಲ ಪೇಟೆಂಟಿನ ಅವಧಿ ತೀರಿ, ಆ ಮಾತ್ರೆಯನ್ನು ತಯಾರಿಸಲು ನಮ್ಮ ದೇಶದ ಇತರ ಕಂಪನಿಗಳಿಗೂ ದಾರಿ ತೆರೆಯಿತು.